ಮನೆಯೊಳಗಿನಿಂದಲೇ ಬರುವ ಕಳ್ಳ ಅಪ್ಪಣೆ

2008ರ ಜನವರಿಯಲ್ಲಿ ಮೆಕ್ಸಿಕೋ ದೇಶದ ಅನೇಕರಿಗೆ ಒಂದು ಈಮೇಲ್ ಬಂದಿತು. ನಿಮ್ಮ ಹೆಸರಿಗೆ ಯಾರೋ ಒಂದು ಶುಭಾಶಯ ಪತ್ರವನ್ನು ಕಳುಹಿಸಿರುವರು, ಬಂದು ನೋಡಿಕೊಳ್ಳಿರಿ ಎಂಬ ಒಕ್ಕಣೆಯ ಆ ಓಲೆಯಲ್ಲಿ ಮೇಲುನೋಟಕ್ಕೆ ಸಂಶಯಪಡತಕ್ಕದ್ದೇನೂ ಇರಲಿಲ್ಲ. ಅದನ್ನು ತೆರೆದವರು ಯಾವ ತಂತ್ರಾಂಶವನ್ನೂ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಲಿಲ್ಲ, ಯಾವ ಪಾಸ್‌ವರ್ಡನ್ನೂ ಯಾರಿಗೂ ಹೇಳಲಿಲ್ಲ, ಹೆಚ್ಚೇನು, ಓದುವುದನ್ನು ಬಿಟ್ಟು ಬೇರೇನನ್ನೂ ಮಾಡಲಿಲ್ಲ. ಆದರೂ ಅವರು ಓಲೆಯ ಮೇಲೆ ಕಣ್ಣಾಡಿಸಿ ಮುಗಿಸುವಷ್ಟರಲ್ಲಿ, ಮನೆಯ ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕುಳಿತಿದ್ದ ರೌಟರಿನೊಳಗಣ ಒಂದು ಬರಹವು ಬದಲಾಗಿ, ಅಲ್ಲಿಯ ದೊಡ್ಡ ಬ್ಯಾಂಕೊಂದರ ಹೆಸರನ್ನು ಟೈಪು ಮಾಡಿದವರನ್ನು ಆ ಬ್ಯಾಂಕಿಗೆ ಬದಲಾಗಿ ಕಳ್ಳರು ಕಟ್ಟಿದ ನಕಲಿ ತಾಣಕ್ಕೆ ಕೊಂಡೊಯ್ಯುವ ಏರ್ಪಾಡು ಸಿದ್ಧವಾಗಿಬಿಟ್ಟಿರುತ್ತಿತ್ತು.

ಈ ಸಂಗತಿಯನ್ನು ಹೊರಗೆಡಹಿದ್ದು ಸಿಮ್ಯಾಂಟೆಕ್ ಎಂಬ ಭದ್ರತಾ ಸಂಸ್ಥೆ. ಓಲೆಯನ್ನು ಬಿಚ್ಚಿ ಪರಿಶೀಲಿಸಿದಾಗ ಅದರಲ್ಲಿ ಕಂಡುಬಂದದ್ದು ಬಹು ಸರಳವಾದ ಉಪಾಯ. ಪುಟವೊಂದರಲ್ಲಿ ಚಿತ್ರವನ್ನು ತೋರಿಸಬೇಕಾದರೆ ಆ ಚಿತ್ರವು ಇಂಥ ವಿಳಾಸದಲ್ಲಿದೆ, ತಂದುಕೊ ಎಂದು ಬರೆಯುವುದು ವಾಡಿಕೆಯಷ್ಟೆ; ಇಲ್ಲಿ ಚಿತ್ರದ ವಿಳಾಸವಿರಬೇಕಾದ ಸ್ಥಳದಲ್ಲಿ ಓದುಗನ ಮನೆಯ ರೌಟರಿನ ವಿಳಾಸವನ್ನೂ, ಅದರ ಬೆನ್ನಿಗೆ ರೌಟರಿಗೆ ಕೊಡಬೇಕಾದ ಒಂದು ಅಪ್ಪಣೆಯನ್ನೂ ಬರೆದಿದ್ದರು. ಚಿತ್ರ ತರಲು ಹೊರಟ ಕಂಪ್ಯೂಟರು, ತಾನು ತರುತ್ತಿರುವುದು ಚಿತ್ರವಲ್ಲ, ಒಯ್ಯುತ್ತಿರುವುದು ಆಜ್ಞೆಯೆಂಬುದನ್ನು ಅರಿಯದೆ ರೌಟರಿನ ಬಾಗಿಲನ್ನು ತಟ್ಟಿತು, ರೌಟರು ಒಪ್ಪಿಕೊಂಡಿತು. ಬಲ್ಲವರು ಇಂಥ ದಾಳಿಯನ್ನು ಕ್ರಾಸ್-ಸೈಟ್ ರಿಕ್ವೆಸ್ಟ್ ಫೋರ್ಜರಿ ಎಂದೂ, ಚಿಕ್ಕದಾಗಿ ಸಿಎಸ್‌ಆರ್‌ಎಫ್ ಎಂದೂ ಕರೆಯುವರು. ಹೊರಗಿನವನ ಮಾತನ್ನು ಒಳಗಿನವನ ಬಾಯಿಂದ ಆಡಿಸುವ ಕಪಟವಿದು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಮೊದಲು ರೌಟರೆಂಬ ಆ ಪುಟ್ಟ ಪೆಟ್ಟಿಗೆಯ ಸ್ವರೂಪವನ್ನು ಅರಿಯಬೇಕು. ನಾವು ಅದನ್ನು ವೈಫೈ ಕೊಡುವ ಡಬ್ಬಿಯೆಂದು ಮಾತ್ರ ಬಲ್ಲೆವು. ವಾಸ್ತವವಾಗಿ ಅದೂ ಒಂದು ಕಂಪ್ಯೂಟರೇ. ಅದಕ್ಕೂ ಒಂದು ಪ್ರೊಸೆಸರು, ಒಂದಿಷ್ಟು ಸ್ಮರಣಶಕ್ತಿ, ತನ್ನದೇ ಆದ ತಂತ್ರಾಂಶ ಉಂಟು. ಅದರ ಹೊಂದಾಣಿಕೆಗಳನ್ನು ಬದಲಿಸಲೆಂದು ತಯಾರಕರು ಅದರೊಳಗೇ ಒಂದು ಚಿಕ್ಕ ಜಾಲತಾಣವನ್ನು ಇಟ್ಟಿರುತ್ತಾರೆ. ಬ್ರೌಸರಿನಲ್ಲಿ 192.168.1.1 ಎಂದೋ 192.168.0.1 ಎಂದೋ ಬರೆದರೆ ಆ ತಾಣದ ಬಾಗಿಲು ತೆರೆದುಕೊಳ್ಳುವುದು. 192.168 ಎಂದು ಆರಂಭವಾಗುವ ವಿಳಾಸಗಳು ಖಾಸಗಿ ಬಳಕೆಗೆಂದು ಮೀಸಲಾದವು. ಹೊರಗಣ ಇಂಟರ್‌ನೆಟ್ಟಿನಿಂದ ಯಾರೂ ಅವನ್ನು ನೇರವಾಗಿ ತಲುಪಲಾರರು. ಇದರಿಂದಲೇ ರೌಟರುಗಳನ್ನು ರೂಪಿಸಿದವರ ಮನಸ್ಸಿನಲ್ಲಿ, ಈ ಬಾಗಿಲನ್ನು ತಟ್ಟುವವನು ಹೇಗಿದ್ದರೂ ಮನೆಯೊಳಗಿನವನೇ ಆಗಿರುವನೆಂಬ ನಿಶ್ಚಿಂತೆ ಬೇರೂರಿತು. ಆದರೆ ಲೋಕದ ಕೋಟ್ಯಂತರ ಮನೆಗಳಲ್ಲಿ ರೌಟರಿನ ವಿಳಾಸವು ಇವೆರಡು ಮೂರು ಸಂಖ್ಯೆಗಳಲ್ಲೇ ಒಂದಾಗಿರುವುದರಿಂದ, ದಾಳಿಕಾರನಿಗೆ ನಮ್ಮ ಮನೆಯ ಗುರುತು ಹುಡುಕುವ ಶ್ರಮವೂ ತಪ್ಪಿದಂತಾಯಿತು.

ರೌಟರು ಕೈವಶವಾದರೆ ಕಳ್ಳನಿಗೆ ಬರುವ ಲಾಭವೇನು? ಅದರೊಳಗಿನ ಹತ್ತಾರು ಹೊಂದಾಣಿಕೆಗಳಲ್ಲಿ ಅವನ ಕಣ್ಣು ಬೀಳುವುದು ಮುಖ್ಯವಾಗಿ ಒಂದರ ಮೇಲೆ; ಅದೇ ಡಿಎನ್‌ಎಸ್. ನಾವು ಬರೆಯುವ ಹೆಸರುಗಳನ್ನು ಕಂಪ್ಯೂಟರುಗಳಿಗೆ ಬೇಕಾದ ಸಂಖ್ಯಾರೂಪದ ವಿಳಾಸಗಳಾಗಿ ಮಾರ್ಪಡಿಸಿಕೊಡುವ ಸೇವೆಯಿದು. ಯಾವ ಡಿಎನ್‌ಎಸ್ ಸರ್ವರನ್ನು ಕೇಳಬೇಕೆಂಬುದನ್ನು ರೌಟರೇ ಮನೆಯ ಪ್ರತಿಯೊಂದು ಫೋನಿಗೂ ಲ್ಯಾಪ್‌ಟಾಪಿಗೂ ಟಿವಿಗೂ ಹೇಳಿಕೊಡುತ್ತದೆ. ಆ ಒಂದು ಸಾಲನ್ನು ತಿದ್ದಿ ತನ್ನ ಸರ್ವರಿನ ವಿಳಾಸವನ್ನು ಬರೆದುಬಿಟ್ಟರೆ, ಮನೆಮಂದಿಯೆಲ್ಲರೂ ಎಲ್ಲಿಗೆ ಹೋಗಬೇಕೆಂದು ಕೇಳುವುದು ಇನ್ನು ಮುಂದೆ ಕಳ್ಳನನ್ನೇ. ಕಂಪ್ಯೂಟರಿನಲ್ಲಿ ಆಂಟಿವೈರಸ್ ಓಡಿಸಿದರೆ ಏನೂ ಸಿಕ್ಕದು. ಏಕೆಂದರೆ ಕಂಪ್ಯೂಟರಿನಲ್ಲಿ ಏನೂ ಇಲ್ಲ. ಅದನ್ನು ಅಳಿಸಿ ಹೊಸದಾಗಿ ಸಜ್ಜುಗೊಳಿಸಿದರೂ ರೋಗವು ಗೋಡೆಯ ಮೇಲಿನ ಡಬ್ಬಿಯಲ್ಲಿ ಹಾಗೆಯೇ ಉಳಿಯುವುದು.

ಇಲ್ಲಿ ಬ್ರೌಸರಿನ ಸ್ವಭಾವವನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ವಿಷಯದ ಮರ್ಮವಿರುವುದೇ ಅದರಲ್ಲಿ. ಒಂದು ತಾಣದ ಪುಟವು ಇನ್ನೊಂದು ತಾಣದ ವಸ್ತುಗಳನ್ನು ಬಳಸಿಕೊಳ್ಳುವುದು ಅಂತರಜಾಲದ ಹುಟ್ಟುಗುಣ. ನಾವು ಓದುವ ಪತ್ರಿಕೆಯ ಒಂದು ಪುಟದಲ್ಲಿ ಚಿತ್ರ ಒಂದೆಡೆಯಿಂದ, ಜಾಹೀರಾತು ಮತ್ತೊಂದೆಡೆಯಿಂದ, ಅಕ್ಷರದ ಅಚ್ಚು ಮೂರನೆಯ ಕಡೆಯಿಂದ ಬಂದು ಕೂಡಿಕೊಂಡಿರುತ್ತವೆ. ಇದರಿಂದ ಅನರ್ಥವಾಗದಿರಲೆಂದು ಬ್ರೌಸರುಗಳು ಬಹಳ ಹಿಂದೆಯೇ ಒಂದು ಕಟ್ಟುಪಾಡನ್ನು ಮಾಡಿಕೊಂಡವು: ಒಂದು ತಾಣದ ಪುಟವು ಬೇರೊಂದು ತಾಣ ಕೊಟ್ಟ ಉತ್ತರವನ್ನು ಅದರ ಅನುಮತಿಯಿಲ್ಲದೆ ಓದಕೂಡದು. ನಿಯಮವೇನೋ ಒಳ್ಳೆಯದೇ. ಆದರೆ ಅದು ತಡೆಯುವುದು ಉತ್ತರ ಓದುವುದನ್ನು ಮಾತ್ರ. ಪ್ರಶ್ನೆ ಕಳುಹಿಸುವುದನ್ನು ಬಹುಮಟ್ಟಿಗೆ ತಡೆಯಲಿಲ್ಲ. ರೌಟರಿನ ಡಿಎನ್‌ಎಸ್ ಬದಲಿಸಬಯಸುವವನಿಗಾದರೋ ಉತ್ತರ ಓದುವ ಅಗತ್ಯವೇ ಇಲ್ಲ. ಅಪ್ಪಣೆ ತಲುಪಿದರೆ ಅವನ ಕೆಲಸ ಮುಗಿಯಿತು. ಇಷ್ಟು ಸಾಲದೆಂಬಂತೆ, ನೀವು ಮೊದಲೇ ಒಂದು ತಾಣಕ್ಕೆ ಲಾಗಿನ್ ಆಗಿದ್ದರೆ, ಅಲ್ಲಿಗೆ ಹೋಗುವ ಪ್ರತಿಯೊಂದು ಕೋರಿಕೆಗೂ ನಿಮ್ಮ ಗುರುತಿನ ಚೀಟಿಯನ್ನು ಲಗತ್ತಿಸುವುದು ಬ್ರೌಸರಿನ ಅಭ್ಯಾಸ. ಆ ಕೋರಿಕೆಯನ್ನು ಹುಟ್ಟಿಸಿದವರು ನೀವೋ, ಇನ್ನೊಂದು ಕಿಟಕಿಯಲ್ಲಿ ತೆರೆದಿರುವ ಯಾವುದೋ ದುಷ್ಟ ಪುಟವೋ ಎಂಬುದನ್ನು ಅದು ಬಹುಕಾಲ ವಿಚಾರಿಸುತ್ತಲೇ ಇರಲಿಲ್ಲ.

ಹಿಂದಿನ ಕಾಲದ ತುಂಬು ಮನೆಯೊಂದನ್ನು ಊಹಿಸಿಕೊಳ್ಳಬಹುದು. ಉಗ್ರಾಣದ ಬೀಗದ ಕೈ ನಂಬಿಕಸ್ಥನಾದ ಮುದಿ ಆಳೊಬ್ಬನ ಬಳಿ ಇರುತ್ತದೆ. ಮನೆಯ ಹುಡುಗನು ಚೀಟಿ ತಂದುಕೊಟ್ಟರೆ ಅದರಲ್ಲಿರುವಂತೆ ಸಾಮಾನು ತೆಗೆದುಕೊಡುವುದು ಅವನ ರೂಢಿ. ಬೀದಿಯಲ್ಲಿ ಯಾರೋ ಅಪರಿಚಿತನು ಹುಡುಗನ ಕೈಗೆ ಮಡಿಸಿದ ಚೀಟಿಯೊಂದನ್ನಿತ್ತು, ಇದನ್ನು ನಿಮ್ಮ ಆಳಿಗೆ ಕೊಡಪ್ಪಾ ಎನ್ನುತ್ತಾನೆ. ಹುಡುಗನು ಓದದೆ ತಂದುಕೊಡುತ್ತಾನೆ. ಆಳು ಕೈಬರಹವನ್ನು ನೋಡದೆ, ತಂದವನ ಮುಖವನ್ನು ಮಾತ್ರ ನೋಡಿ ಉಗ್ರಾಣವನ್ನು ತೆರೆಯುತ್ತಾನೆ. ಇಬ್ಬರಲ್ಲಿ ಯಾರೂ ದ್ರೋಹಿಗಳಲ್ಲ. ಹೊರಬಾಗಿಲಿಗೆ ಎಷ್ಟು ಭದ್ರವಾದ ಅಗುಳಿಯಿದ್ದರೂ ಪ್ರಯೋಜನವಿಲ್ಲ. ಚೀಟಿಯು ಒಳಗೆ ಬಂದದ್ದು ಮನೆಯ ಮಗನ ಕೈಯಲ್ಲಿ. ರೌಟರಿನ ಫೈರ್‌ವಾಲ್ ಎಂಬ ಅಗುಳಿಯು ಸಿಎಸ್‌ಆರ್‌ಎಫ್ ದಾಳಿಯ ಮುಂದೆ ನಿಷ್ಫಲವಾಗುವುದು ಹೀಗೆ.

ಈ ಬಗೆಯ ಮೋಸವನ್ನು ಅಂತರಜಾಲ ಬರುವುದಕ್ಕೂ ಮುನ್ನವೇ ಕಂಡವರಿದ್ದರು. 1988ರಲ್ಲಿ ನಾರ್ಮ್ ಹಾರ್ಡಿ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು ಒಂದು ಪುಟ್ಟ ಲೇಖನದಲ್ಲಿ, ತಮ್ಮ ಸಂಸ್ಥೆಯ ಕಂಪೈಲರ್ ಪ್ರೋಗ್ರಾಮಿಗೆ ಒದಗಿದ ಗತಿಯನ್ನು ವಿವರಿಸಿದರು. ಅಂಕಿ ಅಂಶಗಳನ್ನು ಬರೆದಿಡುವ ಸಲುವಾಗಿ ಅದಕ್ಕೆ ವ್ಯವಸ್ಥೆಯ ಒಂದು ವಿಭಾಗದಲ್ಲಿ ಬರೆಯುವ ವಿಶೇಷಾಧಿಕಾರವಿತ್ತು. ಗಿರಾಕಿಗಳ ಲೆಕ್ಕಪತ್ರವೂ ಅದೇ ವಿಭಾಗದಲ್ಲಿತ್ತು. ಬಳಕೆದಾರನೊಬ್ಬನು, ನಿನ್ನ ಫಲಿತಾಂಶವನ್ನು ಈ ಹೆಸರಿನ ಕಡತದಲ್ಲಿ ಬರೆ ಎಂದು ಲೆಕ್ಕಪತ್ರದ ಹೆಸರನ್ನೇ ಕೊಟ್ಟಾಗ, ಪ್ರೋಗ್ರಾಮು ತನ್ನ ಸ್ವಂತ ಅಧಿಕಾರವನ್ನು ಬಳಸಿ ಲೆಕ್ಕವನ್ನೆಲ್ಲ ಅಳಿಸಿಹಾಕಿತು. ಅಧಿಕಾರ ಒಬ್ಬರದು, ಸಂಕಲ್ಪ ಮತ್ತೊಬ್ಬರದು. ಈ ಎರಡರ ನಡುವಣ ಬಿರುಕೇ ಸಕಲ ಅನರ್ಥಕ್ಕೂ ಮೂಲ. ಜಾಲತಾಣಗಳಲ್ಲಿ ಕಾಣಿಸಿಕೊಂಡ ಇದೇ ದೋಷಕ್ಕೆ 2001ರಲ್ಲಿ ಪೀಟರ್ ವಾಟ್ಕಿನ್ಸ್ ಎಂಬವರು ಈಗಿನ ಹೆಸರನ್ನಿಟ್ಟರು. 2006ರ ಡಿಸೆಂಬರಿನಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸಿಡ್ ಸ್ಟಾಮ್ ಮತ್ತು ಮಾರ್ಕಸ್ ಯಾಕೊಬ್‌ಸನ್, ಸಿಮ್ಯಾಂಟೆಕ್ಕಿನ ಜುಲ್ಫಿಕರ್ ರಮ್ಜಾನ್ ಈ ಮೂವರೂ ಸೇರಿ, ಪುಟವೊಂದನ್ನು ನೋಡಿದ ಮಾತ್ರಕ್ಕೇ ಮನೆಯ ರೌಟರಿನ ಡಿಎನ್‌ಎಸ್ ಬದಲಾಗಬಲ್ಲುದೆಂದು ಪ್ರಮಾಣಸಹಿತ ತೋರಿಸಿಕೊಟ್ಟರು. ಅವರು ಎಚ್ಚರಿಸಿದ ಮೇಲೆ ಮೆಕ್ಸಿಕೋದ ಓಲೆ ಹೊರಡಲು ಹೆಚ್ಚು ಕಾಲ ಹಿಡಿಯಲಿಲ್ಲ.

ಈ ಮೂವರ ಲೇಖನದಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ರೌಟರಿನ ಪುಟಕ್ಕೆ ಲಾಗಿನ್ ಆಗದೆ ಏನನ್ನೂ ಬದಲಿಸುವಂತಿಲ್ಲವಲ್ಲ, ನಾವಂತೂ ವರ್ಷಕ್ಕೊಮ್ಮೆಯೂ ಅತ್ತ ತಲೆಹಾಕುವವರಲ್ಲ, ಹಾಗಿರುವಾಗ ಭಯವೇಕೆ ಎಂದು ಯಾರಾದರೂ ಕೇಳಬಹುದು. ಉತ್ತರವಿಷ್ಟೆ: ದುಷ್ಟ ಪುಟವು ಮೊದಲು ಲಾಗಿನ್ ಮಾಡುವ ಕೋರಿಕೆಯನ್ನೇ ಕಳುಹಿಸುತ್ತದೆ. ಕಾರ್ಖಾನೆಯಿಂದ ಬರುವಾಗ ಬಹುಪಾಲು ಹಳೆಯ ರೌಟರುಗಳ ಬಳಕೆದಾರನ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಮಾಲೀಕನು ಅದನ್ನು ಬದಲಿಸದೆ ಬಿಟ್ಟಿದ್ದರೆ ಆ ಬಾಗಿಲಿಗೆ ಬೀಗವಿದ್ದೂ ಇಲ್ಲದಂತೆಯೇ. ಬದಲಿಸಿದ್ದರೋ, ಅವನು ಲಾಗಿನ್ ಆಗಿರುವ ಆ ಕೆಲವು ನಿಮಿಷಗಳಲ್ಲಿ ಮಾತ್ರ ದಾಳಿಗೆ ಅವಕಾಶ. ಅಥವಾ ರೌಟರಿನ ತಂತ್ರಾಂಶದಲ್ಲೇ ಪಾಸ್‌ವರ್ಡು ಕೇಳದೆ ಒಳಬಿಡುವ ಬೇರೊಂದು ಲೋಪವಿರಬೇಕು. ಮೆಕ್ಸಿಕೋದಲ್ಲಿ ನಡೆದದ್ದು ಈ ಕೊನೆಯ ಬಗೆಯದು.

ಈ ದಾಳಿಗಳ ಇತಿಹಾಸದಲ್ಲಿ ಬ್ರೆಜಿಲ್ ದೇಶಕ್ಕೆ ಪ್ರತ್ಯೇಕವಾದ ಒಂದು ಅಧ್ಯಾಯವೇ ಸಲ್ಲಬೇಕು. ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಫಾಬಿಯೊ ಅಸೊಲಿನಿ 2012ರಲ್ಲಿ ಬಯಲಿಗಿಟ್ಟ ವೃತ್ತಾಂತದಂತೆ, ಹಿಂದಿನ ವರ್ಷದಿಂದಲೇ ಅಲ್ಲಿ ರೌಟರಿನ ಕೆಲಸವನ್ನೂ ಮಾಡುವ, ಆರು ತಯಾರಕರ ಡಿಎಸ್‌ಎಲ್ ಮೋಡೆಮುಗಳು, ಒಟ್ಟು ಸುಮಾರು 45 ಲಕ್ಷ, ಕಳ್ಳರ ಕೈಸೇರಿದ್ದವು. ತಂತ್ರಾಂಶದಲ್ಲಿದ್ದ ದೋಷ ಒಂದೇ ಒಂದು. ಅದು ಆಡಳಿತ ಪುಟದ ಇಂಥದೇ ಕೊರತೆ. ಅದನ್ನು ಬಳಸಿ ಪಾಸ್‌ವರ್ಡನ್ನು ಕಿತ್ತುಕೊಳ್ಳುವ ಸ್ಕ್ರಿಪ್ಟುಗಳು ಇಂಟರ್‌ನೆಟ್ಟಿನ ವಿಳಾಸಗಳನ್ನು ಹಗಲಿರುಳೂ ಒಂದೊಂದಾಗಿ ತಡಕುತ್ತ ಹೋದವು; ಸಿಕ್ಕ ಮೋಡೆಮುಗಳ ಡಿಎನ್‌ಎಸ್ಸನ್ನು 40 ಕಳ್ಳ ಸರ್ವರುಗಳತ್ತ ತಿರುಗಿಸಿದವು. ಗೂಗಲ್ಲನ್ನೋ ಫೇಸ್‌ಬುಕ್ಕನ್ನೋ ತೆರೆಯಹೊರಟವರಿಗೆ, ಮೊದಲು ಈ ತಂತ್ರಾಂಶವನ್ನು ಹಾಕಿಕೊಳ್ಳಿ ಎಂಬ ಸೂಚನೆ ಕಾಣುತ್ತಿತ್ತು. ಗೂಗಲ್ಲೇ ಹೇಳುತ್ತಿರುವಾಗ ಬೇಡವೆನ್ನುವವರು ಯಾರು? ಇದು ಮೋಡೆಮನ್ನು ಹೊರಗಿನಿಂದ ನೇರವಾಗಿ ಮುಟ್ಟಿದ ದಾಳಿ. ಅಂತರಜಾಲದ ಕಡೆಗೆ ಆಡಳಿತ ಪುಟದ ಬಾಗಿಲನ್ನು ತೆರೆದಿಡುವುದು ಎಂಥ ಅವಿವೇಕವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಆ ಬಾಗಿಲು ಕ್ರಮೇಣ ಅಲ್ಲಲ್ಲಿ ಮುಚ್ಚತೊಡಗಿದಾಗ ಅದೇ ದೇಶದ ಕಳ್ಳರು ಬ್ರೌಸರಿನ ದಾರಿಯನ್ನು ಹಿಡಿದರು. 2014ರಲ್ಲಿ ಹರಿದಾಡಿದ ಈಮೇಲುಗಳು ಕರೆದೊಯ್ಯುತ್ತಿದ್ದ ಪುಟಗಳಲ್ಲಿ, ಅಡ್ಮಿನ್-ಅಡ್ಮಿನ್, ರೂಟ್-ರೂಟ್ ಮೊದಲಾದ ಜೋಡಿಗಳನ್ನು ಒಂದಾದ ಮೇಲೊಂದರಂತೆ ರೌಟರಿನ ಮೇಲೆ ಪ್ರಯೋಗಿಸುವ ಬರಹವಿತ್ತು. ಆ ವರ್ಷದ ಕೊನೆಗೆ ಆರಂಭವಾದ ಮತ್ತೊಂದು ದಾಳಿಯಲ್ಲಿ ಓಲೆಯು ದೂರವಾಣಿ ಕಂಪನಿಯ ಹೆಸರಿನಲ್ಲಿ ಬಂದಿತು. ಅದರಲ್ಲಿದ್ದ ಒಂದು ಜಾಣತನವನ್ನು ಇಲ್ಲಿ ಹೇಳದೆ ಬಿಡಲಾರೆ. ರೌಟರಿನಲ್ಲಿ ಡಿಎನ್‌ಎಸ್‌ಗೆಂದು ಸಾಮಾನ್ಯವಾಗಿ ಎರಡು ಸಾಲುಗಳಿರುವುವು, ಮೊದಲನೆಯದು ಕೈಕೊಟ್ಟರೆ ಎರಡನೆಯದಿರಲೆಂದು. ಕಳ್ಳರು ಮೊದಲನೆಯ ಸಾಲಿನಲ್ಲಿ ತಮ್ಮ ಸರ್ವರನ್ನೂ, ಎರಡನೆಯದರಲ್ಲಿ ಗೂಗಲ್ಲಿನ ಸಾರ್ವಜನಿಕ ಸರ್ವರಾದ 8.8.8.8 ಎಂಬುದನ್ನೂ ಬರೆದರು. ತಮ್ಮ ಸರ್ವರು ಯಾವಾಗಲಾದರೂ ಕೆಟ್ಟುನಿಂತರೂ ಮನೆಯವರಿಗೆ ಇಂಟರ್‌ನೆಟ್ ನಿಲ್ಲಲಿಲ್ಲ. ಅದು ನಿಲ್ಲದಿದ್ದುದರಿಂದ ಯಾರೂ ರೌಟರನ್ನು ತೆರೆದು ನೋಡಲಿಲ್ಲ. ಒಡೆಯನಿಗಿಂತ ಹೆಚ್ಚಿನ ಮುತುವರ್ಜಿಯಿಂದ ಕಳ್ಳನು ಸಂಪರ್ಕವನ್ನು ಕಾಪಾಡಿಕೊಟ್ಟ ವಿಚಿತ್ರವಿದು.

ದೂರದ ಮೆಕ್ಸಿಕೋ ಬ್ರೆಜಿಲುಗಳ ಮಾತಾಯಿತು, ನಮಗೇನು ಎನ್ನುವಂತಿಲ್ಲ. 2014ರ ಮಾರ್ಚಿನಲ್ಲಿ ಟೀಮ್ ಕಿಮ್ರು ಎಂಬ ಸಂಶೋಧನಾ ತಂಡವು, ಮನೆಗಳಲ್ಲಿಯೂ ಚಿಕ್ಕ ಕಚೇರಿಗಳಲ್ಲಿಯೂ ಇದ್ದ ಸುಮಾರು 3 ಲಕ್ಷ ರೌಟರುಗಳ ಡಿಎನ್‌ಎಸ್ ಸಾಲುಗಳು ಎರಡೇ ಎರಡು ಅನುಮಾನಾಸ್ಪದ ವಿಳಾಸಗಳಿಗೆ ಬದಲಾಗಿರುವುದನ್ನು ಕಂಡುಹಿಡಿಯಿತು. ಅವು ಹೆಚ್ಚಾಗಿದ್ದ ದೇಶಗಳ ಸಾಲಿನಲ್ಲಿ ವಿಯೆಟ್ನಾಂ, ಇಟಲಿ, ಥಾಯ್ಲೆಂಡುಗಳ ಜೊತೆಗೆ ಭಾರತವೂ ಇತ್ತು. ಮರುವರ್ಷವೇ, ಬಂದ ಗಿರಾಕಿಯ ರೌಟರು ಯಾವ ಮಾದರಿಯದೆಂದು ಮೊದಲು ಪತ್ತೆಮಾಡಿ, ಐವತ್ತಕ್ಕೂ ಹೆಚ್ಚು ಮಾದರಿಗಳ ಪೈಕಿ ಅದಕ್ಕೆ ತಕ್ಕ ಅಪ್ಪಣೆಯನ್ನೇ ಆರಿಸಿ ಕಳುಹಿಸುವಂಥ ಸಿದ್ಧ ಸಾಧನವೂ ಬಳಕೆಗೆ ಬಂದಿತು. ಆ ಬಗೆಯ ಪುಟವನ್ನು ನೋಡಲು ದುರ್ಮಾರ್ಗದ ತಾಣಗಳಿಗೇ ಹೋಗಬೇಕೆಂದಿಲ್ಲ. ಸಭ್ಯ ತಾಣದಲ್ಲಿ ಬಾಡಿಗೆ ಜಾಗ ಹಿಡಿದ ಜಾಹೀರಾತೊಂದು ಹಿಂಬದಿಯಿಂದ ಅದನ್ನು ತೆರೆದರೂ ಸಾಕು.

ಈ ನಡುವೆ ಒಂದು ದೊಡ್ಡ ರಕ್ಷೆಯೂ ಬೆಳೆದುಬಂದಿದೆಯೆಂಬುದನ್ನು ಹೇಳದಿದ್ದರೆ ಓದುಗರನ್ನು ವೃಥಾ ಹೆದರಿಸಿದಂತಾದೀತು. ಇಂದು ಬ್ಯಾಂಕುಗಳೂ ದೊಡ್ಡ ತಾಣಗಳೂ ಎಚ್‌ಟಿಟಿಪಿಎಸ್ ವಿಧಾನದಲ್ಲೇ ವ್ಯವಹರಿಸುತ್ತವೆ. ಅದರಲ್ಲಿ ತಾಣವು ತಾನು ತಾನೇ ಎಂಬುದಕ್ಕೆ ಪ್ರಮಾಣಪತ್ರವನ್ನು ತೋರಿಸಲೇಬೇಕು. ಡಿಎನ್‌ಎಸ್ ಸುಳ್ಳು ಹೇಳಿ ನಮ್ಮನ್ನು ನಕಲಿ ತಾಣಕ್ಕೆ ಒಯ್ದರೂ, ಆ ನಕಲಿಯು ಬ್ಯಾಂಕಿನ ಪ್ರಮಾಣಪತ್ರವನ್ನು ತೋರಿಸಲಾರದೆ, ಬ್ರೌಸರು ಪರದೆಯ ತುಂಬ ಎಚ್ಚರಿಕೆಯನ್ನು ಹರಡಿ ನಿಲ್ಲಿಸಿಬಿಡುವುದು. ಇಲ್ಲಿ ನಮ್ಮ ಕರ್ತವ್ಯವು ಒಂದೇ: ಅಂಥ ಎಚ್ಚರಿಕೆ ಬ್ಯಾಂಕಿನ ವಿಷಯದಲ್ಲಿ ಕಂಡುಬಂದರೆ, ಅವಸರವಿದೆಯೆಂದು ‘ಆದರೂ ಮುಂದುವರಿಯಿರಿ’ ಎಂಬ ಕೊಂಡಿಯನ್ನು ಒತ್ತದಿರುವುದು. ಹಾಗೆಂದು ರೌಟರಿನ ಗೊಡವೆಯೇ ಬೇಡವೆನ್ನಲಾಗದು. ಪ್ರಮಾಣಪತ್ರವಿಲ್ಲದ ತಾಣಗಳು ಇನ್ನೂ ಇವೆ. ಹೆಸರನ್ನು ತುಸು ತಿರುಚಿದ ತಾಣಕ್ಕೆ ನಿಜವಾದ ಪ್ರಮಾಣಪತ್ರವನ್ನೇ ಪಡೆಯುವವರಿದ್ದಾರೆ. ಅಲ್ಲದೆ ರೌಟರು ಕೈವಶವಾದವನಿಗೆ ಮನೆಯ ಕ್ಯಾಮೆರಾದ ಬಾಗಿಲನ್ನು ಹೊರಲೋಕಕ್ಕೆ ತೆರೆದಿಡುವುದೂ ಕಷ್ಟವಲ್ಲ.

ಹಾಗಾದರೆ ಸಾಮಾನ್ಯ ಗೃಹಸ್ಥನು ಮಾಡಬೇಕಾದದ್ದೇನು? ಎಲ್ಲಕ್ಕಿಂತ ಮೊದಲು, ನಮ್ಮ ಮನೆಗಳಲ್ಲಿ ಸರ್ವಸಾಧಾರಣವಾಗಿರುವ ಒಂದು ಭ್ರಮೆಯನ್ನು ಕಳೆಯಬೇಕು. ‘ವೈಫೈ ಪಾಸ್‌ವರ್ಡ್ ಬದಲಿಸಿದ್ದೇವಲ್ಲ’ ಎಂದು ಜನ ಹೇಳುವುದುಂಟು. ಅದು ನೆಂಟರಿಗೂ ಪಕ್ಕದ ಮನೆಯ ಮಕ್ಕಳಿಗೂ ಹೇಳಿಕೊಡುವ, ರೇಡಿಯೋ ಸಂಪರ್ಕಕ್ಕೆ ಸಂಬಂಧಿಸಿದ ಪಾಸ್‌ವರ್ಡು. ರೌಟರಿನ ಹೊಂದಾಣಿಕೆಗಳನ್ನು ಬದಲಿಸುವ ಆಡಳಿತದ ಪಾಸ್‌ವರ್ಡು ಬೇರೆಯೇ ಇದೆ. ಸಿಎಸ್‌ಆರ್‌ಎಫ್ ದಾಳಿಗೆ ಗುರಿಯಾಗುವುದು ಅದು. ವೈಫೈ ಪಾಸ್‌ವರ್ಡು ಎಷ್ಟೇ ಕಠಿಣವಾಗಿದ್ದರೂ ಈ ದಾಳಿಯನ್ನು ಕೂದಲೆಳೆಯಷ್ಟೂ ತಡೆಯದು, ಏಕೆಂದರೆ ಅಪ್ಪಣೆಯನ್ನು ಹೊತ್ತು ತರುವ ಲ್ಯಾಪ್‌ಟಾಪು ಆಗಲೇ ವೈಫೈಯೊಳಗಿದೆ. ರೌಟರನ್ನು ತಿರುಗಿಸಿ ನೋಡಿದರೆ ಅಡಿಯಲ್ಲೋ ಬೆನ್ನಿನಲ್ಲೋ ಒಂದು ಚೀಟಿ ಅಂಟಿಸಿರುವುದು. ಅದರಲ್ಲಿ ಮಾದರಿಯ ಸಂಖ್ಯೆ, ವೈಫೈಯ ಹೆಸರು ಮತ್ತು ಪಾಸ್‌ವರ್ಡು, ಇವುಗಳ ಜೊತೆಗೆ ಆಡಳಿತ ಪುಟದ ವಿಳಾಸ, ಬಳಕೆದಾರನ ಹೆಸರು, ಅದರ ಪಾಸ್‌ವರ್ಡು ಇಷ್ಟೂ ಅಚ್ಚಾಗಿರುತ್ತವೆ. ಆ ವಿಳಾಸವನ್ನು ಬ್ರೌಸರಿನಲ್ಲಿ ಬರೆದು ಒಳಹೊಕ್ಕು, ಸಾಧಾರಣವಾಗಿ ‘ಸಿಸ್ಟಮ್’ ಅಥವಾ ‘ಅಡ್ಮಿನಿಸ್ಟ್ರೇಶನ್’ ಎಂಬ ವಿಭಾಗದಲ್ಲಿರುವ ಪಾಸ್‌ವರ್ಡನ್ನು, ಉದ್ದವಾದ, ಬೇರೆಲ್ಲಿಯೂ ಬಳಸದ ಒಂದು ಪಾಸ್‌ವರ್ಡಿಗೆ ಬದಲಿಸತಕ್ಕದ್ದು. ಮರೆಯುವ ಭಯವಿದ್ದರೆ ಕಾಗದದಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆಗಿಡಲು ನನ್ನ ಅಡ್ಡಿಯಿಲ್ಲ; ಬ್ರೆಜಿಲ್ಲಿನ ಕಳ್ಳನು ನಿಮ್ಮ ಬೀರುವನ್ನು ಶೋಧಿಸಲು ಬರಲಾರ.

ಪುಟದೊಳಗಿರುವಾಗಲೇ ಇನ್ನೆರಡು ಮೂರನ್ನು ನೋಡಿಬಿಡುವುದು ಮೇಲು. ‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂಬುದು ಚಾಲೂ ಇದ್ದರೆ ಆರಿಸಬೇಕು. ಕೆಲವು ಕಂಪನಿಗಳು ದುರಸ್ತಿಗೆಂದು ಅದನ್ನು ತಾವೇ ಇಟ್ಟುಕೊಂಡಿರುವುದರಿಂದ, ಆರಿಸಲು ಬಾರದಿದ್ದಲ್ಲಿ ಅವರನ್ನೇ ಕೇಳಬೇಕಾದೀತು. ಡಿಎನ್‌ಎಸ್ ಸಾಲುಗಳಲ್ಲಿ ‘ಆಟೋಮ್ಯಾಟಿಕ್’ ಎಂದಿದ್ದರೆ, ಅಥವಾ ನಿಮ್ಮ ಕಂಪನಿಯದೋ ಪ್ರಸಿದ್ಧ ಸಾರ್ವಜನಿಕ ಸೇವೆಯದೋ ವಿಳಾಸವಿದ್ದರೆ ಸರಿ. ನೀವು ಬರೆಯದ, ಕಂಪನಿಯವರೂ ಗುರುತಿಸದ ಸಂಖ್ಯೆಯೊಂದು ಅಲ್ಲಿ ಕುಳಿತಿದ್ದರೆ, ಎರಡನೆಯ ಸಾಲಿನಲ್ಲಿ 8.8.8.8 ಇದೆಯೆಂದು ಸಮಾಧಾನಪಟ್ಟುಕೊಳ್ಳಬಾರದು. ಫರ್ಮ್‌ವೇರ್ ಎಂಬ ರೌಟರಿನ ತಂತ್ರಾಂಶದ ಹೊಸ ಆವೃತ್ತಿ ಬಂದಿದ್ದರೆ ಹಾಕಿಕೊಳ್ಳಬೇಕು. ಕೆಲಸವಾದೊಡನೆ ಲಾಗ್‌ಔಟ್ ಮಾಡಬೇಕು; ಹಳೆಯ ಕೆಲವು ರೌಟರುಗಳಲ್ಲಿ ಆ ಗುಂಡಿಯೇ ಇರದು, ಬ್ರೌಸರನ್ನು ಪೂರ್ತಿ ಮುಚ್ಚುವವರೆಗೂ ಅದು ನಿಮ್ಮ ಗುರುತನ್ನು ರೌಟರಿಗೆ ಒಪ್ಪಿಸುತ್ತಲೇ ಇರುವುದು. ಇದಕ್ಕಾಗಿ ರೌಟರಿನ ಕೆಲಸಕ್ಕೆ ಕೂರುವಾಗ ಬೇರೆ ಯಾವ ತಾಣವನ್ನೂ ತೆರೆಯದೆ, ‘ಇನ್‌ಕಾಗ್ನಿಟೊ’ ಎಂಬ ಪ್ರತ್ಯೇಕ ಕಿಟಕಿಯಲ್ಲಿ ಅದೊಂದನ್ನೇ ಮಾಡಿ ಮುಗಿಸಿ ಕಿಟಕಿಯನ್ನು ಮುಚ್ಚುವುದು ಒಳ್ಳೆಯ ಪದ್ಧತಿ. ರೌಟರಿನ ಆಂತರಿಕ ವಿಳಾಸವನ್ನೇ ಬದಲಿಸಿಬಿಡಿರೆಂದು ಸಲಹೆ ಕೊಡುವವರೂ ಇದ್ದಾರೆ. ಮಂದಬುದ್ಧಿಯ ದಾಳಿಯನ್ನು ಅದು ತಪ್ಪಿಸೀತು, ಆದರೆ ಹಲವು ವಿಳಾಸಗಳನ್ನು ತಟ್ಟಿನೋಡುವ ದಾಳಿಗಳ ಮುಂದೆ ಅದರ ಬೆಲೆ ಅಲ್ಪ.

ರೌಟರು ಕೆಟ್ಟಿದೆಯೆಂಬ ಬಲವಾದ ಸಂಶಯವಿದ್ದರೆ ಸೂಜಿಯ ಮೊನೆಯಿಂದ ‘ರೀಸೆಟ್’ ತೂತನ್ನು ಕೆಲವು ಸೆಕೆಂಡು ಒತ್ತಿಹಿಡಿದು ಕಾರ್ಖಾನೆಯ ಸ್ಥಿತಿಗೆ ಮರಳಿಸಬೇಕು. ಆದರೆ ಅದಕ್ಕೆ ಮುನ್ನ ಒಂದು ಮಾತು: ನಮ್ಮ ಅನೇಕ ಫೈಬರ್ ಸಂಪರ್ಕಗಳಲ್ಲಿ ಕಂಪನಿಯು ಕೊಟ್ಟ ಬಳಕೆದಾರನ ಹೆಸರೂ ಪಾಸ್‌ವರ್ಡೂ ರೌಟರಿನೊಳಗೇ ಬರೆದಿರುತ್ತವೆ, ರೀಸೆಟ್ ಮಾಡಿದರೆ ಅವೂ ಅಳಿಸಿಹೋಗಿ, ಲೈನ್‌ಮನ್ ಬರುವವರೆಗೂ ಇಂಟರ್‌ನೆಟ್ಟಿಲ್ಲದೆ ಕೂರಬೇಕಾದೀತು. ಅವನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳುವುದು ಕ್ಷೇಮ. ರೀಸೆಟ್ಟಾದ ಮೇಲೆ ಪಾಸ್‌ವರ್ಡು ಪುನಃ ಹಳೆಯದಕ್ಕೇ ಬಂದಿರುವುದರಿಂದ, ಬೇರೇನನ್ನೂ ತೆರೆಯುವ ಮೊದಲು ಅದನ್ನು ಬದಲಿಸಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ, ಈ ಭಾರವನ್ನೆಲ್ಲ ಗೃಹಸ್ಥನ ತಲೆಯ ಮೇಲೆ ಹೊರಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ದೋಷಕ್ಕೆ ಮದ್ದು ತಯಾರಕರ ಕೈಯಲ್ಲಿದೆ, ಅದು ಹೊಸದೂ ಅಲ್ಲ, ದುಬಾರಿಯೂ ಅಲ್ಲ. ರೌಟರು ತನ್ನ ಪುಟವನ್ನು ತೋರಿಸುವಾಗಲೆಲ್ಲ ಅದರೊಳಗೆ ಊಹಿಸಲಾಗದ ಒಂದು ಗುಪ್ತಸಂಖ್ಯೆಯನ್ನು ಬಚ್ಚಿಟ್ಟು ಕೊಡಬೇಕು. ಹೊಂದಾಣಿಕೆ ಬದಲಿಸುವ ಕೋರಿಕೆ ಬಂದಾಗ ಆ ಸಂಖ್ಯೆಯೂ ಜೊತೆಗೆ ಬಂದಿದೆಯೇ ಎಂದು ನೋಡಬೇಕು. ದುಷ್ಟ ಪುಟವು ಕೋರಿಕೆಯನ್ನು ಕಳುಹಿಸಬಲ್ಲುದೇ ಹೊರತು ರೌಟರಿನ ಪುಟವನ್ನು ಓದಲಾರದಾದ್ದರಿಂದ, ಆ ಸಂಖ್ಯೆಯು ಅದಕ್ಕೆ ಎಂದಿಗೂ ಸಿಕ್ಕದು. ಹಿಂದೆ ಹೇಳಿದ ಬ್ರೌಸರಿನ ಕಟ್ಟುಪಾಡು ಫಲ ಕೊಡುವುದು ಇಲ್ಲಿಯೇ. ಕೋರಿಕೆಯು ಯಾವ ತಾಣದ ಪುಟದಿಂದ ಹೊರಟಿತೆಂಬುದನ್ನು ಬ್ರೌಸರು ತಿಳಿಸುವ ಒಂದು ಸಾಲಿದೆ, ಅದನ್ನು ಪರೀಕ್ಷಿಸುವುದು ಮತ್ತೊಂದು ಉಪಾಯ. ಇವನ್ನು ಬ್ಯಾಂಕುಗಳ ತಾಣಗಳು ಎಂದೋ ಅಳವಡಿಸಿಕೊಂಡವು. ರೌಟರುಗಳು ಹಿಂದೆ ಬಿದ್ದುದಕ್ಕೆ ಕಾರಣ ಅಜ್ಞಾನವಲ್ಲ, ಔದಾಸೀನ್ಯ. ಒಮ್ಮೆ ಮಾರಿದ ಅಗ್ಗದ ಡಬ್ಬಿಗೆ ಮತ್ತೆ ದುಡಿಯುವುದರಲ್ಲಿ ವ್ಯಾಪಾರಿಗೆ ಲಾಭವಿಲ್ಲ.

ಬ್ರೌಸರುಗಳನ್ನು ತಯಾರಿಸುವವರು ಈ ಕೊರತೆಯನ್ನು ಒಂದಿಷ್ಟು ತುಂಬಿಕೊಡಲೆತ್ನಿಸಿದ್ದಾರೆ. 2020ರಿಂದ ಕ್ರೋಮ್ ಬ್ರೌಸರು, ಬೇರೆ ತಾಣದಿಂದ ಹುಟ್ಟಿದ ಕೋರಿಕೆಗಳಿಗೆ ಕುಕಿಗಳೆಂಬ ಗುರುತಿನ ಚೀಟಿಗಳನ್ನು ಲಗತ್ತಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿದೆ. ಹೊರಗಣ ತಾಣವೊಂದು ಮನೆಯೊಳಗಿನ ಸಾಧನಗಳನ್ನು ಮುಟ್ಟಬಯಸಿದರೆ ಮೊದಲು ಬಳಕೆದಾರನ ಅನುಮತಿ ಕೇಳುವ ಏರ್ಪಾಡೂ ಅದರ ಈಚಿನ ಆವೃತ್ತಿಗಳಲ್ಲಿ ಬಂದಿದೆ. ಯಾವುದೋ ಅಡುಗೆಯ ತಾಣವೋ ಸಿನಿಮಾ ಸುದ್ದಿಯ ತಾಣವೋ ನಿಮ್ಮ ಮನೆಯ ಸಾಧನಗಳ ಜೊತೆ ಸಂಪರ್ಕ ಬೇಕೆಂದು ಕೇಳಿದರೆ ಕೊಡತಕ್ಕ ಉತ್ತರವೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾನೂನೂ ನಿಧಾನವಾಗಿ ಎಚ್ಚೆತ್ತಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ 2020ರ ಜನವರಿಯಿಂದಲೂ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದಲೂ ಎಲ್ಲ ಉಪಕರಣಗಳಿಗೂ ಒಂದೇ ಪಾಸ್‌ವರ್ಡು ಕೊಟ್ಟು ಮಾರುವುದಕ್ಕೆ ತಡೆ ಬಿದ್ದಿದೆ. ನಮ್ಮಲ್ಲಿ 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಮೋಡೆಮುಗಳ ಮೇಲೆ ಕುತಂತ್ರಾಂಶದ ದಾಳಿ ನಡೆದಾಗ ಪೆಟ್ಟು ತಿಂದವು ಪಾಸ್‌ವರ್ಡು ಬದಲಿಸದೆ ಬಿಟ್ಟಿದ್ದ ಮೋಡೆಮುಗಳು; ಪಾಸ್‌ವರ್ಡು ಬದಲಿಸಿರೆಂದು ಸಂಸ್ಥೆಯು ಗ್ರಾಹಕರಿಗೆ ಆಗ ಪ್ರಕಟಣೆ ಕೊಡಬೇಕಾಯಿತು. ಅದು ಸಿಎಸ್‌ಆರ್‌ಎಫ್ ದಾಳಿಯಲ್ಲದಿದ್ದರೂ ತೆರೆದ ಬಾಗಿಲು ಅದೇ. ಈಗ ಕೇಂದ್ರ ದೂರಸಂಪರ್ಕ ಇಲಾಖೆಗೆ ಸೇರಿದ, ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರವು ಮನೆಯ ವೈಫೈ ಉಪಕರಣಗಳಿಗೂ ಭದ್ರತೆಯ ನಿಯಮಗಳನ್ನು ರೂಪಿಸಿದೆ. ಹೊಸದಾಗಿ ಬರುವ ರೌಟರುಗಳು ಇದರಿಂದ ಸುಧಾರಿಸಬಹುದು. ಈಗಾಗಲೇ ಗೋಡೆಗೆ ಮೊಳೆ ಹೊಡೆದು ತೂಗುಹಾಕಿರುವ ಹಳೆಯವುಗಳಿಗೆ ಆ ನಿಯಮ ತಾನಾಗಿ ಬಂದು ಅಂಟಿಕೊಳ್ಳಲಾರದು. ಆದುದರಿಂದ ಮುಂದಿನ ಸಲ ನಿಮ್ಮ ಮನೆಗೆ ಇಂಟರ್‌ನೆಟ್ಟಿನವನು ಬಂದಾಗ, ವೈಫೈ ಪಾಸ್‌ವರ್ಡನ್ನು ಮಾತ್ರ ಬರೆದುಕೊಂಡು ಕಳುಹಿಸಿಬಿಡದೆ, ಅಡ್ಮಿನ್ ಪಾಸ್‌ವರ್ಡನ್ನು ನಿಮ್ಮೆದುರಿಗೇ ಬದಲಿಸಿಕೊಡುವಂತೆ ಕೇಳಿರಿ. ಆಗದೆಂದರೆ, ಏಕಾಗದೆಂಬುದನ್ನು ಅವರ ಕಂಪನಿಗೆ ಬರವಣಿಗೆಯಲ್ಲಿ ಕೇಳಿರಿ. ತಿಂಗಳು ತಿಂಗಳೂ ಹಣ ಕಟ್ಟುತ್ತಿರುವವರು ನೀವು.